ಭದ್ರಾವತಿಗೂ ಐದೇ ರೂಪಾಯಿ, ದೆಹಲಿಗೂ ಐದೇ ರೂಪಾಯಿ!

ಅಂಚೆ ಕಚೇರಿಯ ತಲೆಕೆಳಗು ಲೆಕ್ಕದ ಒಳಗುಟ್ಟು

ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಭದ್ರಾವತಿ ಅಂದರೆ ಒಂದು ದರ, ತರೀಕೆರೆ ಅಂದರೆ ಇನ್ನೊಂದು ದರ. ಬೀರೂರು, ಕಡೂರು, ಅರಸೀಕೆರೆ ಅಂತ ಮುಂದೆ ಹೋದ ಹಾಗೆಲ್ಲ ಕಂಡಕ್ಟರ್ ಸ್ಟೇಜ್ ಎಣಿಸಿ ದುಡ್ಡು ಏರಿಸುತ್ತಾನೆ. ಯಾರೂ ತಕರಾರು ಮಾಡುವುದಿಲ್ಲ. ದೂರ ಹೆಚ್ಚು, ದುಡ್ಡೂ ಹೆಚ್ಚು. ನ್ಯಾಯವೇ ಸರಿ.

ಅದೇ ಮನುಷ್ಯ ಅಂಚೆ ಕಚೇರಿಯ ಕೌಂಟರಿಗೆ ಹೋದರೆ ಲೆಕ್ಕವೇ ಉಲ್ಟಾ. 20 ಗ್ರಾಂ ಒಳಗಿನ ಸಾದಾ ಲಕೋಟೆಗೆ 5 ರೂಪಾಯಿ ಸ್ಟ್ಯಾಂಪು ಹಚ್ಚಿದರೆ ಅದು ಪಕ್ಕದ ಭದ್ರಾವತಿಗೂ ಹೋಗುತ್ತದೆ, ದೆಹಲಿಗೂ ಹೋಗುತ್ತದೆ, ಅಸ್ಸಾಮಿನ ಯಾವುದೋ ಚಹಾ ತೋಟದ ಲೈನ್ ಮನೆಗೂ ಹೋಗುತ್ತದೆ. ಆದರೆ ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆ ಸೇರಿಸಿ, ತೂಕ 20 ಗ್ರಾಂ ದಾಟಿತೋ, ಪಕ್ಕದ ಬೀದಿಗೆ ಹೋಗುವ ಕಾಗದಕ್ಕೂ ಹೆಚ್ಚು ಸ್ಟ್ಯಾಂಪು!

"ಏನ್ ಸ್ವಾಮಿ ಇದು, ಎರಡು ಸಾವಿರ ಕಿಲೋಮೀಟರಿಗೆ ಲೆಕ್ಕ ಇಲ್ಲ, ಎರಡು ಗ್ರಾಮಿಗೆ ಲೆಕ್ಕವಾ?" ಅಂತ ಪೇಟೆಯ ವ್ಯಾಪಾರಿಗಳು ಕೇಳುವುದುಂಟು. ಕೌಂಟರಿನ ಒಳಗಿರುವವರು "ರೂಲ್ಸು ಸಾರ್" ಅಂದು ಮುಂದಿನವರನ್ನು ಕರೆಯುತ್ತಾರೆ. ಅವರಿಗೂ ಪುರುಸೊತ್ತಿಲ್ಲ. ಆದರೆ ಈ ರೂಲ್ಸಿಗೆ ಕಾರಣ ಇದೆ. ಸುಮಾರು 190 ವರ್ಷದ ಹಿಂದೆ ಒಬ್ಬ ಮೇಷ್ಟ್ರು ಹಾಕಿದ ಲೆಕ್ಕ ಇದು.

ಮೇಷ್ಟ್ರ ಲೆಕ್ಕ

ಇಂಗ್ಲೆಂಡಿನಲ್ಲಿ ಆಗ ಅಂಚೆ ದರ ನಮ್ಮ ಬಸ್ ಟಿಕೆಟಿನ ಹಾಗೇ ಇತ್ತು. ಮೈಲಿ ಹೆಚ್ಚಿದಷ್ಟೂ ದರ ಹೆಚ್ಚು. ಹಾಳೆ ಎರಡಾದರೆ ದರವೂ ಎರಡು ಪಟ್ಟು. ಸಾಲದ್ದಕ್ಕೆ ದುಡ್ಡನ್ನು ಸಾಮಾನ್ಯವಾಗಿ ಕೊಡಬೇಕಾದವನು ಕಾಗದ ಪಡೆಯುವವನು, ಬರೆದವನಲ್ಲ.

ರೋಲಂಡ್ ಹಿಲ್ ಎಂಬಾತ ಶಾಲೆ ನಡೆಸುತ್ತಿದ್ದವನು. 1837ರಲ್ಲಿ ಅಂಚೆ ಸುಧಾರಣೆ ಕುರಿತು ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದ. ಲಂಡನ್ನಿನಿಂದ ಎಡಿನ್‌ಬರೋಗೆ ಸುಮಾರು 400 ಮೈಲಿ. ಅಷ್ಟು ದೂರ ಒಂದು ಕಾಗದ ಸಾಗಿಸಲು ನಿಜವಾಗಿ ಬೀಳುವ ಖರ್ಚು ಎಷ್ಟು ಅಂತ ಲೆಕ್ಕ ಹಾಕಿದ. ಬಂದ ಉತ್ತರ: ಒಂದು ಪೆನ್ನಿಯ 36ನೇ ಒಂದು ಪಾಲು! ಜನರಿಂದ ವಸೂಲು ಮಾಡುತ್ತಿದ್ದದ್ದು ಮಾತ್ರ ಒಂದು ಶಿಲ್ಲಿಂಗಿಗೂ ಮೇಲೆ.

ಉಳಿದ ಹಣ ಹೋಗುತ್ತಿದ್ದದ್ದು ಎಲ್ಲಿಗೆ? ಒಂದಷ್ಟು ಸರ್ಕಾರದ ಬೊಕ್ಕಸಕ್ಕೆ. ಇನ್ನೊಂದಷ್ಟು, ಪ್ರತಿ ಕಾಗದದ ಮೈಲಿ ಎಣಿಸಿ, ಹಾಳೆ ಎಣಿಸಿ, ಲೆಜರಿನಲ್ಲಿ ಬರೆದು, ಮನೆ ಬಾಗಿಲಲ್ಲಿ ಚಿಲ್ಲರೆಗೆ ಕಾದು ನಿಲ್ಲುವ ಕೆಲಸಕ್ಕೆ. ಅಂದರೆ ಹೊರುವುದಕ್ಕಿಂತ ಲೆಕ್ಕ ಬರೆಯುವುದೇ ದುಬಾರಿ!

ಬೇಕಾದರೆ ನಮ್ಮೂರಲ್ಲೇ ನೋಡಿ. ಕೆಂಪು ಡಬ್ಬಿಯಿಂದ ಕಾಗದ ತೆಗೆಯಬೇಕು, ಠಸ್ಸೆ ಹೊಡೆಯಬೇಕು, ಊರುವಾರು ವಿಂಗಡಿಸಬೇಕು, ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಆ ಕಡೆ ಚೀಲ ಬಿಚ್ಚಿ, ಬೀದಿವಾರು ಜೋಡಿಸಿ, ಮನೆಮನೆಗೆ ನಡೆಯಬೇಕು. ಭದ್ರಾವತಿಗಾದರೂ ಇಷ್ಟೇ ಕೈ, ದೆಹಲಿಗಾದರೂ ಹೆಚ್ಚು ಕಡಿಮೆ ಇಷ್ಟೇ ಕೈ. ನಡುವಿನ ಪ್ರಯಾಣದಲ್ಲಿ ಒಂದು ಚೀಲಕ್ಕೆ ಸಾವಿರಾರು ಕಾಗದ ಕೂತಿರುತ್ತವೆ. ತಲಾ ಹಂಚಿದರೆ ದೂರದ ಖರ್ಚು ಪುಡಿಗಾಸು.

ಹೀಗಾಗಿ ಹಿಲ್ ಹೇಳಿದ್ದು ಮೂರೇ ಮಾತು. ದೂರ ಎಣಿಸಬೇಡಿ. ಹಾಳೆ ಎಣಿಸಬೇಡಿ, ತಕ್ಕಡಿಗೆ ಹಾಕಿ. ದುಡ್ಡು ಮೊದಲೇ ಇಸಿದುಕೊಂಡು ಗುರುತಿಗೆ ಒಂದು ಚೀಟಿ ಅಂಟಿಸಿ. 1840ರ ಮೇ 6ರಂದು ಚಲಾವಣೆಗೆ ಬಂದ ಜಗತ್ತಿನ ಮೊದಲ ಅಂಟು ಸ್ಟ್ಯಾಂಪು ‘ಪೆನ್ನಿ ಬ್ಲ್ಯಾಕ್’ ಹುಟ್ಟಿದ್ದು ಈ ಲೆಕ್ಕದಿಂದ.

ನಮ್ಮಲ್ಲಿ ಕಲ್ಕತ್ತೆಯಿಂದ ಬೊಂಬಾಯಿಗೆ ಒಂದು ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ, ಆಗ್ರಾಕ್ಕೆ 12 ಆಣೆ ಬೀಳುತ್ತಿದ್ದ ಕಾಲವಿತ್ತು. ಬಡಪಾಯಿ ಬರೆಯುವ ಮಾತೇ ಇಲ್ಲ. 1854ರ ಅಂಚೆ ಕಾಯಿದೆ ಬಂದು, ಆ ಅಕ್ಟೋಬರಿನಿಂದ ಕಾಲು ತೊಲದ ಕಾಗದ ದೇಶದ ಯಾವ ಮೂಲೆಗಾದರೂ ಅರ್ಧ ಆಣೆಗೆ ಹೋಗುವಂತಾಯಿತು. ನಮ್ಮ ಸೀಮೆಯಲ್ಲಿ ಆಗ ಮೈಸೂರು ಅರಸರ ಕಾಲದಿಂದ ಬಂದ ‘ಮೈಸೂರು ಅಂಚೆ’ ಬೇರೆಯೇ ಇತ್ತು. 1889ರಲ್ಲಿ ಅದನ್ನು ಬ್ರಿಟಿಷರ ಅಂಚೆಗೆ ಸೇರಿಸಿದರು. ಹೆಸರು ಮಾತ್ರ ನಮ್ಮದೇ ಉಳಿಯಿತು. ಇವತ್ತಿಗೂ ಕನ್ನಡದಲ್ಲಿ ಅದು ಅಂಚೆಯೇ.

‘ಬೇರಿಂಗ್’ ಆದರೆ ದುಪ್ಪಟ್ಟು ಯಾಕೆ?

ಸ್ಟ್ಯಾಂಪು ಕಡಿಮೆ ಹಚ್ಚಿದ ಕಾಗದಕ್ಕೆ ನಮ್ಮ ಜನ ಇಟ್ಟ ಹೆಸರು ‘ಬೇರಿಂಗ್ ಪತ್ರ’. ಎರಡು ರೂಪಾಯಿ ಕಡಿಮೆ ಬಿದ್ದರೆ ಪಡೆಯುವವರಿಂದ ನಾಲ್ಕು ವಸೂಲು. ತಪ್ಪು ಮಾಡಿದವನು ಒಬ್ಬ, ದಂಡ ಕಟ್ಟುವವನು ಇನ್ನೊಬ್ಬ, ಇದೆಂಥ ನ್ಯಾಯ ಅಂತ ಅನೇಕರ ಸಿಟ್ಟು.

ಇದಕ್ಕೂ ಒಂದು ಹಳೇ ಕಥೆ ಇದೆ. ಇಂಗ್ಲಿಷ್ ಕವಿ ಕೋಲರಿಜ್ ಹೇಳುತ್ತಿದ್ದದ್ದು ಅಂತ ಹಿಲ್ ತಾನೇ ಬರೆದಿದ್ದಾನೆ. ಒಂದು ಹಳ್ಳಿಯ ಹೆಣ್ಣುಮಗಳಿಗೆ ಅಣ್ಣನ ಕಾಗದ ಬಂತು. ದುಡ್ಡಿಲ್ಲ, ಬೇಡ ಅಂದಳು. ಕವಿಗೆ ಮರುಕ ಬಂದು ತಾನೇ ದುಡ್ಡು ತೆತ್ತು ಬಿಡಿಸಿಕೊಟ್ಟ. ಅಂಚೆಯವನು ಅತ್ತ ಹೋದ ಮೇಲೆ ಆಕೆ ಬಿಚ್ಚಿ ತೋರಿಸಿದಳು, ಒಳಗೆ ಖಾಲಿ ಹಾಳೆ! "ಕಾಗದ ಬಂತು ಅಂದರೆ ಅಣ್ಣ ಸೌಖ್ಯ ಅಂತ ಅರ್ಥ. ನಮ್ಮಿಬ್ಬರ ಒಪ್ಪಂದ ಅದು" ಅಂದಳಂತೆ. ನಮ್ಮ ಕಾಲದ ಮಿಸ್ಡ್ ಕಾಲ್ ಇದ್ದ ಹಾಗೆ. ಸುದ್ದಿ ಮುಟ್ಟಿತು, ಕಾಸು ಖರ್ಚಿಲ್ಲ. ಇಡೀ ದೇಶ ದಾಟಿಸಿ ತಂದ ಅಂಚೆಗೆ ಮಾತ್ರ ನಾಮ.

ಕೊರತೆಯಷ್ಟೇ ವಸೂಲು ಮಾಡಿದರೆ ಸ್ಟ್ಯಾಂಪು ಹಚ್ಚುವ ಗೋಜಿಗೆ ಯಾರು ಹೋಗುತ್ತಾರೆ? ಹೇಗೂ ಅಲ್ಲಿ ಕೊಡುತ್ತಾರೆ ಅಂತ ಎಲ್ಲರೂ ಬಿಡುತ್ತಾರೆ. ಜೊತೆಗೆ ಇಂಥ ಒಂದೊಂದು ಕಾಗದಕ್ಕೂ ತೂಕ ಹಾಕಬೇಕು, ಕೊರತೆ ಬರೆಯಬೇಕು, ಪೋಸ್ಟ್‌ಮ್ಯಾನ್ ನಗದು ಇಸಿದುಕೊಂಡು ಲೆಕ್ಕ ಒಪ್ಪಿಸಬೇಕು. ಹಿಲ್ ಬೇಡವೆಂದ ಕೆಲಸವೆಲ್ಲ ಹಿಂಬಾಗಿಲಿನಿಂದ ವಾಪಸು. ದುಪ್ಪಟ್ಟು ಅನ್ನುವುದು ಆ ಬಾಗಿಲಿಗೆ ಹಾಕಿದ ಚಿಲಕ.

1898ರ ಕಾಯಿದೆಯಲ್ಲಿ ಇನ್ನೂ ಒಂದು ಅಗುಳಿ ಇತ್ತು. ಬೇರಿಂಗ್ ಪತ್ರ ಬೇಡ ಅನ್ನುವವನು ಒಡೆಯದೆ ಅಲ್ಲೇ ಹಿಂದಿರುಗಿಸಬೇಕು. ಬಿಚ್ಚಿ ಓದಿ ಬೇಡ ಅಂದರೆ ನಡೆಯದು. ವಾಪಸು ಬಂದರೆ ಬಾಕಿ ಕಳಿಸಿದವನ ತಲೆಗೆ. ಹಳ್ಳಿ ಹುಡುಗಿಯ ಉಪಾಯಕ್ಕೆ ಕಾನೂನು ಕೊಟ್ಟ ಉತ್ತರ ಅದು.

ಒಂದೇ ಕಾರ್ಡು, ನಾಲ್ಕು ದರ

ವಿಚಿತ್ರಗಳ ರಾಜ ಅಂದರೆ ಪೋಸ್ಟ್ ಕಾರ್ಡು. ನಮ್ಮ ದೇಶಕ್ಕೆ ಅದು ಬಂದದ್ದು 1879ರ ಜುಲೈ 1ರಂದು, ಕಾಲಾಣೆ ಬೆಲೆಗೆ. ಇವತ್ತು 50 ಪೈಸೆ. ಆದರೆ ಕಾರ್ಡಿನ ಮೇಲೆ ಒಕ್ಕಣೆಯನ್ನು ಅಚ್ಚು ಹಾಕಿಸಿದರೆ 6 ರೂಪಾಯಿ ಅಂತ ರೂಲ್ಸು ಬಂತು. ಟಿ.ವಿ., ರೇಡಿಯೋ ಸ್ಪರ್ಧೆಗೆ ಉತ್ತರ ಬರೆಯುವ ಕಾರ್ಡಿಗೆ 10 ರೂಪಾಯಿ ಆಯಿತು. 2002ರಲ್ಲಿ ಬಂದ ‘ಮೇಘದೂತ’ ಕಾರ್ಡಿಗೆ ಮಾತ್ರ 25 ಪೈಸೆ. ಕಾರ್ಡಿನ ಅಳತೆ ಒಂದೇ, ತೂಕ ಒಂದೇ, ತಂದುಕೊಡುವ ಅಂಚೆಯಣ್ಣನೂ ಒಬ್ಬನೇ. ದರ ಮಾತ್ರ ನಾಲ್ಕು!

ಗುಟ್ಟು ಇಷ್ಟೇ. 50 ಪೈಸೆಗೆ ಯಾವ ಕಾರ್ಡೂ ಊರಿಂದೂರಿಗೆ ಹೋಗಲಾರದು. ಖರ್ಚು ಹತ್ತಾರು ಪಟ್ಟು. ಬಡವರ ಕೈಗೆ ಎಟುಕಲಿ ಅಂತ ಸರ್ಕಾರ ನಷ್ಟ ಹೊತ್ತು ಇಟ್ಟಿರುವ ದರ ಅದು. ಊರಲ್ಲಿರುವ ಅವ್ವ, ಬೆಂಗಳೂರಿನ ಗಾರೆ ಕೆಲಸಕ್ಕೆ ಹೋದ ಮಗನಿಗೆ ಬರೆಸಲಿ ಎಂಬ ರಿಯಾಯಿತಿ. ಸಾಹುಕಾರರು ‘ಹೊಸ ಮಾಲು ಬಂದಿದೆ, ದಯಮಾಡಿಸಿ’ ಅಂತ ಸಾವಿರ ಕಾರ್ಡು ಅಚ್ಚು ಹಾಕಿಸಿ ಗಿರಾಕಿಗಳಿಗೆ ಕಳಿಸಿದರೆ, ಆ ನಷ್ಟವನ್ನೂ ಸರ್ಕಾರವೇ ಯಾಕೆ ಹೊರಬೇಕು? ಅದಕ್ಕೇ 6 ರೂಪಾಯಿ.

ಸ್ಪರ್ಧಾ ಕಾರ್ಡಿನ ಹುಟ್ಟು ಇನ್ನೂ ಸ್ವಾರಸ್ಯ. 1990ರ ದಶಕದಲ್ಲಿ ದೂರದರ್ಶನದ ‘ಸುರಭಿ’ ಕಾರ್ಯಕ್ರಮ ವಾರವಾರವೂ ಪ್ರಶ್ನೆ ಕೇಳುತ್ತಿತ್ತು. ಕಾರ್ಡಿಗೆ ಆಗ 15 ಪೈಸೆ. ದೇಶದ ಜನವೆಲ್ಲ ಉತ್ತರ ಬರೆದದ್ದೇ ಬರೆದದ್ದು. ಮೂಟೆಮೂಟೆ ಕಾರ್ಡು ಒಂದೇ ವಿಳಾಸಕ್ಕೆ! ಬಹುಮಾನದ ಆಸೆಗೆ ಬರೆದ ಕಾರ್ಡಿಗೂ ಬಡವರ ರಿಯಾಯಿತಿಯೇ ಅಂದರೆ ಹೇಗೆ? ಇಲಾಖೆ 2 ರೂಪಾಯಿಯ ಪ್ರತ್ಯೇಕ ಸ್ಪರ್ಧಾ ಕಾರ್ಡು ತಂದಿತು. ಆಮೇಲೆ ಅದು 10 ಆಯಿತು.

ಮೇಘದೂತ ಅಗ್ಗ ಯಾಕೆ? ವಿಳಾಸ ಬರೆಯುವ ಬದಿಯಲ್ಲಿ ಜಾಹೀರಾತು ಇರುತ್ತದೆ. ಕಂಪನಿಯೋ, ಸರ್ಕಾರಿ ಇಲಾಖೆಯೋ ಅದಕ್ಕೆ ದುಡ್ಡು ಕಟ್ಟಿರುತ್ತದೆ. ಬರೆಯುವವನ ಪಾಲು ಅಷ್ಟರ ಮಟ್ಟಿಗೆ ಇಳಿಯಿತು.

ಇನ್‌ಲ್ಯಾಂಡ್ ಪತ್ರದ ‘ಒಳಗೆ ಏನನ್ನೂ ಇಡಬಾರದು’ ಎಂಬ ಸೂಚನೆಯೂ ಇದೇ ಜಾತಿ. ರಾಖಿ ಇಟ್ಟರೆ ತಪ್ಪೇನು, ಕುಂಕುಮದ ಪೊಟ್ಟಣ ಇಟ್ಟರೆ ತಪ್ಪೇನು ಅಂತ ಹೆಣ್ಣುಮಕ್ಕಳು ಕೇಳುತ್ತಾರೆ. ತಪ್ಪೇನೂ ಇಲ್ಲ. ಆದರೆ ಆ ನೀಲಿ ಹಾಳೆ ಎರಡೂವರೆ ರೂಪಾಯಿಗೆ, ಅಂದರೆ ಲಕೋಟೆಯ ಅರ್ಧ ಬೆಲೆಗೆ ಹೋಗುವುದು, ಎಲ್ಲದರ ತೂಕ ಒಂದೇ, ತಕ್ಕಡಿಗೆ ಹಾಕುವ ಕೆಲಸವಿಲ್ಲ ಎಂಬ ಕಾರಣಕ್ಕೆ. ಒಳಗೆ ಏನಾದರೂ ಸೇರಿತು ಅಂದರೆ ಅದು ಲಕೋಟೆಯೇ ಆಯಿತು, ಲಕೋಟೆಯ ದರವೇ ಬಿತ್ತು.

ದುಡ್ಡು ಹೊರುವುದಕ್ಕೆ ಬೇರೆ ಲೆಕ್ಕ

1880ರಲ್ಲಿ ಅಂಚೆ ಕಚೇರಿಗೆ ಬಂದ ಮನಿಯಾರ್ಡರಿನಲ್ಲಿ ತಕ್ಕಡಿಯೇ ಇಲ್ಲ. 20 ರೂಪಾಯಿಗೆ ಒಂದು ರೂಪಾಯಿ ಕಮಿಷನ್ ಅನ್ನುವ ಪದ್ಧತಿ ಬಹಳ ಕಾಲ ನಡೆಯಿತು. ಸಾವಿರ ಕಳಿಸಿದರೆ 50. ಫಾರಂ ಅದೇ, ಬರವಣಿಗೆ ಅದೇ, ಮತ್ತೆ ದರ ಯಾಕೆ ಏರಬೇಕು? ಕಾಗದ ಕಳೆದರೆ ಬೇಸರ, ದುಡ್ಡು ಕಳೆದರೆ ಇಲಾಖೆ ತುಂಬಿಕೊಡಬೇಕು. ಹಳ್ಳಿ ಹಳ್ಳಿಗೆ ನಗದು ಮುಟ್ಟಿಸಬೇಕು, ಪೋಸ್ಟ್‌ಮ್ಯಾನ್ ಅದನ್ನು ಜೇಬಿನಲ್ಲಿಟ್ಟುಕೊಂಡು ಗದ್ದೆ ಬದುವಿನ ಮೇಲೆ ನಡೆಯಬೇಕು. ಮೊತ್ತ ದೊಡ್ಡದಾದಷ್ಟೂ ಅಪಾಯ ದೊಡ್ಡದು. ಇಲ್ಲಿ ಬೆಲೆ ಕಾಗದಕ್ಕಲ್ಲ, ಜವಾಬ್ದಾರಿಗೆ.

1877ರಿಂದ ಬಂದ ವಿ.ಪಿ.ಪಿ. ಮೇಲೂ ದೂರು ಇದ್ದದ್ದೇ. ಪಾರ್ಸೆಲ್ ಒಡೆದು ನೋಡುವ ಮುಂಚೆ ದುಡ್ಡು ಕಟ್ಟಬೇಕು. ಒಳಗೆ ಪುಸ್ತಕದ ಬದಲು ರದ್ದಿ ಇದ್ದರೆ? ಅಂಚೆಯವರು ಅಂಗಡಿಯವರಲ್ಲ. ಮಾಲು ಚೆನ್ನಾಗಿದೆಯೋ ಇಲ್ಲವೋ ಎಂಬ ಜಗಳಕ್ಕೆ ಅವರು ಕೂತರೆ ಒಂದು ಮನೆಯಲ್ಲೇ ಹೊತ್ತು ಮುಳುಗುತ್ತದೆ. ಅದಕ್ಕೇ ಕಳಿಸುವವರು ‘ಇದು ನಿಜವಾಗಿ ಬಂದ ಆರ್ಡರಿಗೆ ಕಳಿಸುತ್ತಿರುವುದು’ ಅಂತ ಮೊದಲೇ ಬರೆದುಕೊಡಬೇಕು ಎಂಬ ಷರತ್ತು ಇಟ್ಟರು. ಕೇಳದವರ ಮನೆಗೆ ಪಾರ್ಸೆಲ್ ಕಳಿಸಿ ದುಡ್ಡು ಕೀಳುವವರಿಗೆ ಅದು ಮೂಗುದಾರ.

ರಿಜಿಸ್ಟರು ಎಲ್ಲಿ ಹೋಯಿತು?

ಅಂಗಡಿಯವರು ಗಮನಿಸಬೇಕಾದದ್ದು ಇಲ್ಲಿದೆ. ತಲೆಮಾರುಗಳಿಂದ ‘ರಿಜಿಸ್ಟರ್ ಮಾಡಿ ಕಳಿಸು’ ಅನ್ನುತ್ತಿದ್ದ ರಿಜಿಸ್ಟರ್ಡ್ ಪೋಸ್ಟನ್ನು 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದ್ದಾರೆ. ರಿಜಿಸ್ಟರು ಪೂರ್ತಿ ಹೋಯಿತು ಅಂತಲ್ಲ. ಸ್ಪೀಡ್ ಪೋಸ್ಟಿನ ಮೇಲೆ ಇನ್ನು 5 ರೂಪಾಯಿ ಕಟ್ಟಿ ‘ರಿಜಿಸ್ಟ್ರೇಷನ್’ ಅಂತ ಕೇಳಿ ಹಾಕಿಸಬೇಕು.

ಈ ಐದು ರೂಪಾಯಿ ಯಾತಕ್ಕೆ? ಬರೀ ಸ್ಪೀಡ್ ಪೋಸ್ಟ್ ವಿಳಾಸಕ್ಕೆ ಮುಟ್ಟುತ್ತದೆ. ಬಾಗಿಲಲ್ಲಿ ಯಾರಿದ್ದರೂ ಕೊಡಬಹುದು. ರಿಜಿಸ್ಟ್ರೇಷನ್ ಇದ್ದರೆ ಹೆಸರಿರುವ ಮನುಷ್ಯನಿಗೆ, ಇಲ್ಲವೇ ಆತ ಅಧಿಕಾರ ಕೊಟ್ಟವರಿಗೆ ಮಾತ್ರ. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸ, ಕೋರ್ಟಿನಲ್ಲಿ ಅದೇ ದೊಡ್ಡದು. 1897ರ ಜನರಲ್ ಕ್ಲಾಸಸ್ ಕಾಯಿದೆಯ 27ನೇ ಕಲಂ ಪ್ರಕಾರ, ಸರಿಯಾದ ವಿಳಾಸ ಬರೆದು, ಪೂರ್ತಿ ದರ ಕಟ್ಟಿ, ರಿಜಿಸ್ಟರು ಅಂಚೆಯಲ್ಲಿ ಹಾಕಿದ ನೋಟೀಸು ಮುಟ್ಟಿತು ಅಂತಲೇ ಲೆಕ್ಕ. ಮುಟ್ಟಿಲ್ಲ ಅನ್ನುವವನೇ ಅದನ್ನು ರುಜುವಾತು ಮಾಡಬೇಕು.

ಉದ್ರಿ ಕೊಟ್ಟು ಚೆಕ್ ಇಸಿದುಕೊಂಡ ವ್ಯಾಪಾರಿಗೆ ಇದರ ಬೆಲೆ ಗೊತ್ತು. ಚೆಕ್ ಬೌನ್ಸ್ ಆಯಿತು ಅಂತ ಬ್ಯಾಂಕು ತಿಳಿಸಿದ 30 ದಿನದೊಳಗೆ ನೋಟೀಸು ಕೊಡಬೇಕು. ಆತ ಮನೆಯಲ್ಲೇ ಇದ್ದು ‘ಇಲ್ಲ’ ಅನ್ನಿಸಿಯೋ, ಕಾಗದ ಬೇಡ ಅಂದೋ ತಪ್ಪಿಸಿಕೊಂಡರೆ? ಸರಿ ವಿಳಾಸಕ್ಕೆ ರಿಜಿಸ್ಟರು ಮಾಡಿದ್ದರೆ 27ನೇ ಕಲಮಿನ ರಕ್ಷಣೆ ಇಲ್ಲಿಗೂ ಉಂಟು ಅಂತ 2007ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ‘ಪೂರ್ತಿ ದರ ಕಟ್ಟಿ’ ಎಂಬ ಮಾತನ್ನು ಮರೆಯಬೇಡಿ. ಸ್ಟ್ಯಾಂಪಿನಲ್ಲಿ ಉಳಿಸಿದ ಎರಡು ರೂಪಾಯಿ ಎರಡು ಲಕ್ಷದ ಬಾಕಿಗೆ ಮುಳ್ಳಾದೀತು.

ಹೊರೆ ಏರಿದ್ದೂ ನಿಜ. ಹಳೇ ರಿಜಿಸ್ಟರು ಕಾಗದಕ್ಕೆ ತೆರಿಗೆ ಸೇರಿ 26 ರೂಪಾಯಿಯ ಹತ್ತಿರ ಆಗುತ್ತಿತ್ತು. 2025ರ ಅಕ್ಟೋಬರ್ 1ರ ಹೊಸ ದರದಲ್ಲಿ 50 ಗ್ರಾಂ ಒಳಗಿನ ಸ್ಪೀಡ್ ಪೋಸ್ಟಿಗೆ ಊರೊಳಗೆ 19, ಹೊರ ಊರಿಗೆ 47. ರಿಜಿಸ್ಟ್ರೇಷನ್ನಿನ 5 ಕೂಡಿಸಿ, ಶೇಕಡಾ 18 ತೆರಿಗೆ ಹಾಕಿದರೆ ಹೊರ ಊರಿಗೆ 61 ರೂಪಾಯಿ ದಾಟುತ್ತದೆ. ಬೇಗ ಮುಟ್ಟುತ್ತದೆ, ಎಲ್ಲಿದೆ ಅಂತ ಫೋನಿನಲ್ಲೇ ನೋಡಬಹುದು, ಸರಿ. ಆದರೆ ಬೇಗ ಬೇಡ, ಗಟ್ಟಿ ರುಜುವಾತು ಸಾಕು ಅನ್ನುವವನಿಗೆ ಇದ್ದ ಅಗ್ಗದ ದಾರಿ ಮುಚ್ಚಿತು. ಗೇಣಿ ತಕರಾರಿನ ರೈತ, ಪಿಂಚಣಿಗೆ ಅರ್ಜಿ ಹಾಕುವ ವಿಧವೆ, ಇವರಿಗೆ 26 ಮತ್ತು 61ರ ನಡುವಿನ ಅಂತರ ಅರ್ಧ ದಿನದ ಊಟದ ಲೆಕ್ಕ.

ಹಿಲ್ ಮೇಷ್ಟ್ರ ನೆರಳು ಈ ಹೊಸ ಪಟ್ಟಿಯಲ್ಲೂ ಕಾಣುತ್ತದೆ ನೋಡಿ. 50 ಗ್ರಾಂವರೆಗೆ ಭದ್ರಾವತಿಗೂ 47, ದೆಹಲಿಗೂ 47. ತೂಕ ಏರಿದ ಮೇಲಷ್ಟೇ ದೂರ ತಲೆ ಎತ್ತುತ್ತದೆ. ಅರ್ಧ ಕಿಲೋಗೆ 200 ಕಿ.ಮೀ. ಒಳಗೆ 70, ಎರಡು ಸಾವಿರ ಕಿ.ಮೀ. ಆಚೆಗೆ 93. ಹತ್ತು ಪಟ್ಟು ದೂರಕ್ಕೆ ಹೆಚ್ಚುವರಿ 23 ರೂಪಾಯಿ ಮಾತ್ರ.

ಬೆಟ್ಟದ ಮನೆಗೆ ಯಾರು ಕೊಡುತ್ತಾರೆ?

ಕೊನೆಗೆ ಒಂದು ಮಾತು. ಎಲ್ಲೆಡೆ ಒಂದೇ ದರ ಅಂದರೆ ಪೇಟೆಯ ಕಾಗದ ತನ್ನ ಖರ್ಚಿಗಿಂತ ಸ್ವಲ್ಪ ಹೆಚ್ಚು ಕೊಟ್ಟು, ಬೆಟ್ಟದ ಮೇಲಿನ ಒಂಟಿ ಮನೆಯ ಕಾಗದವನ್ನು ಹೊರುತ್ತದೆ ಅಂತಲೇ ಅರ್ಥ. ಗಾಂಧಿ ಬಜಾರಿನಲ್ಲಿ ಒಂದು ಬೀದಿಗೆ ಐವತ್ತು ಕಾಗದ ಹಂಚಬಹುದು. ಆಗುಂಬೆ ಕಡೆಯ ಮಳೆಯಲ್ಲಿ ಒಂದು ಕಾಗದಕ್ಕೆ ಒಂದು ಗುಡ್ಡ ಹತ್ತಬೇಕು. ಐವತ್ತರ ಬಲದಲ್ಲಿ ಆ ಒಂದು ಬದುಕಿದೆ.

ಖಾಸಗಿಯವರು ಬಂದು ಪೇಟೆಯ ಐವತ್ತನ್ನು ಅಗ್ಗಕ್ಕೆ ಎತ್ತಿಕೊಂಡರೆ ಅಂಚೆಗೆ ಗುಡ್ಡ ಮಾತ್ರ ಉಳಿಯುತ್ತದೆ. 1898ರ ಕಾಯಿದೆ ಪತ್ರ ಸಾಗಿಸುವ ಹಕ್ಕನ್ನು ಸರ್ಕಾರಕ್ಕೆ ಮಾತ್ರ ಕೊಟ್ಟಿದ್ದಕ್ಕೆ ಇದೂ ಒಂದು ಸಮರ್ಥನೆ. ಕಾನೂನು ಹಾಗಿದ್ದರೂ ಕೊರಿಯರ್ ಅಂಗಡಿಗಳು ಬೀದಿಬೀದಿಯಲ್ಲಿ ಎದ್ದವು. ಬಸ್ ಡ್ರೈವರ್ ಕೈಗೆ ಲಕೋಟೆ ಕೊಟ್ಟು ‘ಸ್ಟ್ಯಾಂಡಿನಲ್ಲಿ ಹುಡುಗ ಬಂದು ಇಸ್ಕೋತಾನೆ’ ಅನ್ನುವುದೂ ಮಲೆನಾಡಿಗೆ ಹೊಸದಲ್ಲ. 2024ರ ಜೂನ್ 18ರಂದು ಜಾರಿಗೆ ಬಂದ ಹೊಸ ಅಂಚೆ ಕಾಯಿದೆಯಲ್ಲಿ ಆ ಏಕಸ್ವಾಮ್ಯವೇ ಇಲ್ಲ. ಸ್ಟ್ಯಾಂಪು ಹೊರಡಿಸುವ ಹಕ್ಕು ಮಾತ್ರ ಅಂಚೆಯದೇ ಆಗಿ ಉಳಿಯಿತು.

ದೇಶದಲ್ಲಿ ಸುಮಾರು 1 ಲಕ್ಷ 64 ಸಾವಿರ ಅಂಚೆ ಕಚೇರಿಗಳಿವೆ. ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲೇ. ಅಲ್ಲಿಗೆ ಹೋಗಲು ಕೊರಿಯರಿನವರಿಗೆ ಯಾವ ಕಟ್ಟಳೆಯೂ ಇಲ್ಲ, ಅಂಚೆಯವರಿಗೆ ಉಂಟು. ಹಾಗಾಗಿ ಕೌಂಟರಿನ ‘ರೂಲ್ಸು ಸಾರ್’ ಅನ್ನುವ ಮಾತಿನ ಹಿಂದೆ ಆ ಗುಡ್ಡದ ಲೆಕ್ಕವೂ ಇರುತ್ತದೆ.

ಅಲ್ಲಿಯವರೆಗೆ ಪೇಟೆಯವರು ನೆನಪಿಡಬೇಕಾದ್ದು ಮೂರು. ಸಾದಾ ಲಕೋಟೆಗೆ ದೊಡ್ಡ ಟೈಪಿಂಗ್ ಹಾಳೆ ಮೂರಾದರೆ 20 ಗ್ರಾಮಿನ ಅಂಚಿಗೆ ಬಂತು, ನಾಲ್ಕನೆಯದಕ್ಕೆ ಮುಂಚೆ ತಕ್ಕಡಿಗೆ ಹಾಕಿಸಿ. ನೋಟೀಸಾದರೆ ‘ರಿಜಿಸ್ಟ್ರೇಷನ್’ ಅಂತ ಬಾಯಿಬಿಟ್ಟು ಕೇಳಿ. ರಸೀತಿಯನ್ನು ಗಲ್ಲಾ ಪೆಟ್ಟಿಗೆಯಲ್ಲೇ ಇಡಿ, ಅಂಗಿ ಜೇಬಿನಲ್ಲಿ ಬೇಡ.

ಪೋಸ್ಟ್ ಕಾರ್ಡಿಗೆ ಮಾತ್ರ ಇವತ್ತಿಗೂ 50 ಪೈಸೆಯೇ. 50 ಪೈಸೆ ನಾಣ್ಯವನ್ನು ಪೇಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಕಾರ್ಡು ಬೇಕಾದವರು ಎರಡು ಕೊಳ್ಳಬೇಕು, ಎರಡನೆಯದು ಯಾರಿಗೆ ಬರೆಯಲಿ ಅಂತ ಯೋಚಿಸಬೇಕು.